ವಿಭಾಗದ ಸರ್ವರ್‌ನಲ್ಲಿ ನಿಮ್ಮ ವೆಬ್ ಪುಟ ತೆರೆಯುತ್ತಿಲ್ಲವೇ?

ಹೊಸದಾಗಿ ಪಿಎಚ್‌ಡಿಗೆ ಸೇರಿದವರಿಗೆ ಇದು ಉಪಯೋಗಕ್ಕೆ ಬರಬಹುದು. ವಿಭಾಗದ ಲಿನಕ್ಸ್ ಸರ್ವರ್‌ನಲ್ಲಿ ಅಪಾಚೆ (ವೆಬ್ ಪುಟಗಳನ್ನು ಬ್ರೌಸರ್‌ಗೆ ಕಳಿಸೋ ತಂತ್ರಾಂಶ) ಇದ್ದರೆ, ಸಾಮಾನ್ಯವಾಗಿ ನಿಮ್ಮ ಹೋಮ್ ಫೋಲ್ಡರ್ ಒಳಗೆ 'ಪಬ್ಲಿಕ್ ಅಂಡರ್‌ಸ್ಕೋರ್ ಎಚ್‌ಟಿಎಂಎಲ್' (public_html) ಅನ್ನೋ ಫೋಲ್ಡರ್ ಮಾಡಬೇಕು. ಅದರಲ್ಲಿ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ (index.html) ಫೈಲ್ ಇಡಿ. ವಿಳಾಸದ ಕೊನೆಗೆ ಟಿಲ್ಡೆ ಗುರುತು (~), ಅದಕ್ಕೆ ಅಂಟಿಕೊಂಡೇ ನಿಮ್ಮ ಲಾಗಿನ್ ಹೆಸರು. ಈ ಸೌಲಭ್ಯ ಆನ್ ಆಗಿದೆಯಾ ಅಂತ ಮೊದಲು ಅಡ್ಮಿನ್ ಹತ್ರ ಕೇಳಿಬಿಡಿ.

ಜಾಸ್ತಿ ಜನ ಸಿಕ್ಕಿಕೊಳ್ಳೋದು ಪರ್ಮಿಷನ್‌ನಲ್ಲಿ, ಅಂದರೆ ಫೈಲ್, ಫೋಲ್ಡರ್‌ಗಳನ್ನು ಯಾರು ಓದಬಹುದು, ತಿದ್ದಬಹುದು, ಒಳಗೆ ಹೋಗಬಹುದು ಅಂತ ಮೂರಂಕಿಯಲ್ಲಿ ಹೇಳೋ ಅನುಮತಿಯಲ್ಲಿ. ನಾನೂ ಒಂದು ಇಡೀ ಮಧ್ಯಾಹ್ನ 403 ದೋಷ (ಪ್ರವೇಶ ಇಲ್ಲ ಅನ್ನೋ ಸಂದೇಶ) ನೋಡುತ್ತಾ ಕೂತಿದ್ದೆ. ಫೈಲ್ ಸರಿಯಾಗಿಯೇ ಇತ್ತು, ಆದರೆ ಹೋಮ್ ಫೋಲ್ಡರ್ 700 ಆಗಿತ್ತು, ಅಂದರೆ ನನಗೆ ಮಾತ್ರ ಪ್ರವೇಶ. ಬಾಗಿಲೇ ಮುಚ್ಚಿದ್ದರೆ ಸರ್ವರ್ ಒಳಗಿನ ಕೋಣೆಗೆ ಹೇಗೆ ಹೋಗುತ್ತೆ, ಅಲ್ವಾ? ಪರ್ಮಿಷನ್ ಬದಲಿಸೋ chmod ಆಜ್ಞೆಯಿಂದ ಹೋಮ್‌ಗೆ 711, ವೆಬ್ ಫೋಲ್ಡರ್‌ಗೆ 755, ಫೈಲ್‌ಗಳಿಗೆ 644 ಕೊಡಿ. 711 ಇದ್ದರೆ ಸರ್ವರ್ ದಾಟಿ ಹೋಗಬಹುದು, ಆದರೆ ಹೋಮ್‌ನಲ್ಲಿ ಏನೇನಿದೆ ಅಂತ ಪಟ್ಟಿ ನೋಡಕ್ಕಾಗಲ್ಲ. ಸುಮ್ನೆ 777 ಕೊಟ್ಟುಬಿಡಬೇಡಿ, ದಯವಿಟ್ಟು. ಅದೇ ಸರ್ವರ್‌ನ ಬೇರೆಯವರೂ ನಿಮ್ಮ ಫೈಲ್ ತಿದ್ದಬಹುದು.

ಕನ್ನಡದಲ್ಲಿ ಬರೆಯೋದಾದರೆ ಫೈಲನ್ನು ಯುಟಿಎಫ್-8ರಲ್ಲಿ (ಕನ್ನಡವೂ ಸೇರಿ ಎಲ್ಲ ಲಿಪಿಗಳನ್ನು ಉಳಿಸೋ ಅಕ್ಷರ ಸಂಕೇತ ಪದ್ಧತಿ) ಉಳಿಸಿ, ಎಚ್‌ಟಿಎಂಎಲ್‌ನ ಹೆಡ್ ಭಾಗದಲ್ಲೂ ಅದನ್ನೇ ನಮೂದಿಸಿ. ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ವಿಚಿತ್ರ ಗುರುತುಗಳು ಕಾಣಬಹುದು.