ಸುಡುವ ತರಗಿನಿಂದ ಹಿತ್ತಲ ತೋಟ: ನನ್ನ ಅನುಭವ

ಮಂಡ್ಯದ ಹೊರವಲಯದಲ್ಲಿರುವ ನಮ್ಮ ಮನೆಯ ಹಿಂದಿನ ಸುಮಾರು ಎರಡು ಗುಂಟೆ ಜಾಗದಲ್ಲಿ, ಅಂಗಡಿಯ ಗೊಬ್ಬರವಿಲ್ಲದೆ, ಮಡಿಗಳನ್ನು ಅಗೆಯದೆ, ಮನೆಗೆ ಬೇಕಾದ ಸೊಪ್ಪು ತರಕಾರಿಯ ಬಹುಪಾಲನ್ನು ಬೆಳೆದುಕೊಳ್ಳುತ್ತಿದ್ದೇನೆ. ಮೊದಲ ಎರಡು ವರ್ಷ ಪೂರ್ತಿ ಸೋತಿದ್ದರಿಂದ ಆ ಸೋಲಿನ ಲೆಕ್ಕವನ್ನೇ ಮೊದಲು ಹೇಳುತ್ತೇನೆ.

ಮೊದಲ ವರ್ಷ ಎರಡು ಟ್ರ್ಯಾಕ್ಟರ್ ಕೆರೆಗೋಡು (ಕೆರೆಯ ಹೂಳು ಮಣ್ಣು), ನರ್ಸರಿಯ ಸಸಿಗಳು, ಹನಿ ನೀರಾವರಿಯ ಪೈಪು, ಕೂಲಿ ಎಲ್ಲ ಸೇರಿ ಹದಿನೆಂಟು ಸಾವಿರದಷ್ಟು ಖರ್ಚಾಯಿತು. ಗೋಡನ್ನು ದಪ್ಪವಾಗಿ ಸುರಿದದ್ದು ತಪ್ಪಾಯಿತು. ಬೇಸಿಗೆಯಲ್ಲಿ ಅದು ಹಂಚಿನಂತೆ ಬಿರಿದು, ಸಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಣಗಿದವು.

ಎರಡನೆಯ ವರ್ಷ ಕಬ್ಬಿನ ತರಗಿಗೆ, ಅಂದರೆ ಒಣಗಿದ ಸೋಗೆಗೆ, ಕೈಹಾಕಿದೆ. ಕಟಾವಾದ ಮೇಲೆ ನಮ್ಮ ಕಡೆ ತರಗಿಗೆ ಬೆಂಕಿ ಇಡುವವರೇ ಹೆಚ್ಚಾದ್ದರಿಂದ ಅದು ಪುಕ್ಕಟೆ ಸಿಕ್ಕಿತು. ಗಾಡಿ ಬಾಡಿಗೆ ಮಾತ್ರ ಆರುನೂರು ರೂಪಾಯಿ. “ತರಗು ತುಂಬ್ಕಂಡ್ರೆ ಗೆದ್ಲು ಹತ್ತುತ್ತೆ ಕಣಪ್ಪ, ಹಾವೂ ಸೇರ್ಕತ್ತವೆ” ಎಂದು ದೊಡ್ಡಪ್ಪ ತಡೆದರು. ನಾನು ಕೇಳದೆ ತರಗನ್ನು ಮಣ್ಣಿನೊಳಕ್ಕೆ ಸೇರಿಸಿ ಅಗೆಸಿದೆ. ಅದನ್ನು ಕೊಳೆಸುವ ಜೀವಾಣುಗಳೇ ಮಣ್ಣಿನ ಸಾರಜನಕವನ್ನು ಹಿಡಿದುಕೊಂಡದ್ದರಿಂದ ಬದನೆ, ಮೆಣಸಿನ ಗಿಡಗಳು ಹಳದಿಯಾಗಿ ಗೇಣುದ್ದಕ್ಕೇ ನಿಂತುಬಿಟ್ಟವು.

ಮೂರನೆಯ ವರ್ಷ ಅದೇ ತರಗನ್ನು ಹೂಳದೆ, ಮುಂಗಾರಿಗೆ ಮೊದಲು ಮಣ್ಣಿನ ಮೇಲೆ ಮೊಳಕಾಲೆತ್ತರಕ್ಕೆ ಹಾಸಿ, ಹದಿನೈದು ದಿನಕ್ಕೊಮ್ಮೆ ಜೀವಾಮೃತ (ಸಗಣಿ, ಗಂಜಲ, ಬೆಲ್ಲ, ಬೇಳೆಹಿಟ್ಟು ಕಲಸಿ ಹುಳಿಸಿದ ನೀರು) ಎರೆದೆ. ಅದಕ್ಕೆ ನಾನು ಬೆರೆಸುವ ಒಂದು ಸೊಪ್ಪಿನ ಹೆಸರನ್ನು, ಇನ್ನೊಂದು ಬೇಸಿಗೆ ಪರೀಕ್ಷಿಸುವವರೆಗೆ, ಹೇಳುವುದಿಲ್ಲ. ಗೆದ್ದಲು ಬಂದದ್ದು ನಿಜ. ಆದರೆ ಕಾಂಡದ ಸುತ್ತ ಒಂದು ಗೇಣು ಜಾಗ ಬಿಟ್ಟು, ಹಾಸನ್ನು ಒಣಗಲು ಬಿಡದೆ ನೋಡಿಕೊಂಡಾಗ ಅದು ತರಗನ್ನು ಬಿಟ್ಟು ಗಿಡಕ್ಕೆ ಬರಲಿಲ್ಲ. ಆಯುಧಪೂಜೆಯ ಹೊತ್ತಿಗೆ ಹಾಸು ಗೇಣಿನಷ್ಟಕ್ಕೆ ಕುಸಿದಿತ್ತು. ಒಂದು ಹಿಡಿ ಎತ್ತಿ ನೋಡಿದರೆ ಅಡಿಯಲ್ಲಿ ಬಿಳಿಯ ಬೂಸ್ಟಿನ ಎಳೆಗಳು, ಬೆರಳು ತಾಗಿದೊಡನೆ ಒಳಸರಿಯುವ ಎರೆಹುಳುಗಳು, ಮೊದಲ ಮಳೆಯ ವಾಸನೆಯ ಕಪ್ಪು ಮಣ್ಣು. ಆ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದೆ.

ಬಚ್ಚಲ ನೀರಿಗೆ ಒಂದಾಳುದ್ದದಷ್ಟು ಅಗಲದ ಗುಣಿ ತೆಗೆದು, ಸುತ್ತ ಬಾಳೆ, ಪಪ್ಪಾಯಿ, ಕೆಸು ನೆಟ್ಟಿದ್ದೇನೆ. ಬಟ್ಟೆ ಒಗೆದ ಸೋಪಿನ ನೀರನ್ನೂ ಅದಕ್ಕೇ ಬಿಟ್ಟಾಗ ಪಪ್ಪಾಯಿಯ ಎಲೆಯಂಚು ಸುಟ್ಟಂತಾಯಿತು. ಆ ನೀರನ್ನು ಬೇರೆ ಮಾಡಿದ ಮೇಲೆ ಚೇತರಿಸಿಕೊಂಡಿತು. ಆಸೆಯಿಂದ ನೆಟ್ಟ ನಂಜನಗೂಡು ರಸಬಾಳೆಯ ಐದು ಕಂದುಗಳಲ್ಲಿ ನಾಲ್ಕನ್ನು ಸೊರಗು ರೋಗ ತೆಗೆದುಕೊಂಡಿತು. ಆ ಜಾಗದಲ್ಲಿ ಈಗ ಪಚ್ಚಬಾಳೆ ಇದೆ. ಉಳಿದ ಒಂದು ರಸಬಾಳೆಯನ್ನು ದೂರದ ಮೂಲೆಯಲ್ಲಿ, ರೋಗದ ಮಣ್ಣು ತಾಗದಂತೆ ಬೇರೆ ಗುದ್ದಲಿ ಇಟ್ಟುಕೊಂಡು ಸಾಕುತ್ತಿದ್ದೇನೆ.

ಕಳೆದ ಬೇಸಿಗೆಯಲ್ಲಿ ದಿನವೂ ಕೊಡುತ್ತಿದ್ದ ನೀರನ್ನು ನಾಲ್ಕು ದಿನಕ್ಕೊಮ್ಮೆಗೆ ಇಳಿಸಿದರೂ ಬಸಳೆ, ತೊಂಡೆ ಬಾಡಲಿಲ್ಲ. ತಿಂಗಳಿಗೆ ಎರಡು ಸಾವಿರದ ಸಮೀಪವಿದ್ದ ತರಕಾರಿ ಖರ್ಚು ಐದಾರು ನೂರಕ್ಕೆ ಬಂದಿದೆ; ಈರುಳ್ಳಿ, ಆಲೂಗೆಡ್ಡೆಯನ್ನು ಮಾತ್ರ ಇನ್ನೂ ಸಂತೆಯಿಂದ ತರುತ್ತೇವೆ. ಸುವರ್ಣಗೆಡ್ಡೆಯ ಮೂರು ಗುಣಿಗಳನ್ನು ಕೀಳದೆ ಎರಡನೆಯ ವರ್ಷಕ್ಕೆ ಬಿಟ್ಟಿದ್ದೇನೆ. ತೂಕ ಎಷ್ಟು ಬರುತ್ತದೆಂದು ಸಂಕ್ರಾಂತಿಗೆ ಅಗೆದು ನೋಡಬೇಕು.