ಖಂಡೇಪೂಜೆಗೆ ಗಾಡಿ ತೊಳೆದು ಕಬಡ್ಡಿ ಟೀಮಿಗೆ ಬೂಟು ತಂದೆವು

ನಾನು ಹುಬ್ಬಳ್ಳಿ ಗೋಕುಲ ರೋಡ್ ಕಡೆಯ ಒಂದು ಹೈಸ್ಕೂಲಿನ ಪಿ.ಟಿ. ಮಾಸ್ತರ. ನಮ್ಮ ಕಬಡ್ಡಿ ಹುಡುಗಿಯರು ಮಣ್ಣಿನಲ್ಲೇ ಆಡಿ ಬೆಳೆದವರು. ಮ್ಯಾಟ್ ಮೇಲೆ ಬರಿಗಾಲಲ್ಲಿ ಆಡಿದ ದಿನ ಮೂವರ ಅಂಗಾಲು ಸುಲಿದು ಹೋಯಿತು. 12 ಜನಕ್ಕೆ ಮ್ಯಾಟ್ ಬೂಟು, ಜರ್ಸಿ ಅಂದರೆ ಹತ್ತಿರ ಹತ್ತಿರ 16 ಸಾವಿರ. ಚಂದಾ ಪಟ್ಟಿ ಎತ್ತೋದು ನನಗೆ ಬೇಡವಾಗಿತ್ತು. ಕಾರ್ ತೊಳೆದು ದುಡ್ಡು ಕೂಡಿಸೋಣ ಅಂದೆ. ಸ್ಟಾಫ್ ರೂಮಿನಲ್ಲಿ ಎಲ್ಲರದೂ ಒಂದೇ ಮಾತು: "ಸರ್, ಹುಡುಗ್ಯಾರ ಕಡೆ ಗಾಡಿ ತೊಳಸ್ತೀರೇನ್ರಿ? ಅವರ ಮನ್ಯಾಗ ಏನಂತಾರ?" ನಾನು ಮನೆಮನೆಗೆ ಹೋಗಿ ಕೇಳಿದೆ. ಒಬ್ಬರೂ ಬೇಡ ಅನ್ನಲಿಲ್ಲ, ಇಬ್ಬರು ತಾಯಂದಿರು ತಾವೂ ಬರ್ತೀವಿ ಅಂದರು.

ಮೊದಲ ಸಲ ಜುಲೈನ ಒಂದು ಭಾನುವಾರ. ಜಿಟಿಜಿಟಿ ಮಳೆ, ಬಂದದ್ದು 9 ಕಾರು. ಮಳೆಯಲ್ಲಿ ಯಾರು ತೊಳೆಸುತ್ತಾರೆ ಹೇಳಿ! ಎರಡನೇ ಸಲ ಬಿಸಿಲಿತ್ತು, ಆದರೆ ಅವತ್ತೇ ಬೋರ್ ಮೋಟಾರು ಸುಟ್ಟಿತು. ನಲ್ಲಿ ನೀರು ಬರುವ ದಿನವೂ ಅಲ್ಲ. ಟ್ಯಾಂಕರ್ ತರಿಸಿದೆ, 700 ಹೋಯಿತು. ಅದರ ಮೇಲೆ ಒಬ್ಬ ಹುಡುಗಿ ನೆಲಕ್ಕೆ ಬಿದ್ದ ಬಟ್ಟೆಯನ್ನೇ ಎತ್ತಿ ಬಾನೆಟ್ ಒರೆಸಿದಳು. ಬಟ್ಟೆಯಲ್ಲಿದ್ದ ಮರಳಿನಿಂದ ಗೆರೆ ಬಿದ್ದವು. ಪಾಲಿಶ್ ಮಾಡಿಸಿಕೊಡಲು ನನ್ನ ಜೇಬಿನಿಂದ 1,500 ಕೊಟ್ಟೆ. ಆ ಹುಡುಗಿ ಅತ್ತಳು. ತಪ್ಪು ಅವಳದಲ್ಲ, ಬಿದ್ದ ಬಟ್ಟೆ ಮುಟ್ಟಬಾರದು ಅಂತ ನಾನು ಹೇಳಿಕೊಡಬೇಕಿತ್ತು.

ಆಮೇಲೆ ಹೊಳೆಯಿತು. ನಮ್ಮ ಕಡೆ ಜನ ಗಾಡಿ ತೊಳೆಯೋದು ಭಾನುವಾರ ನೋಡಿ ಅಲ್ಲ, ಅಮಾಸಿ, ಹಬ್ಬ ನೋಡಿ. ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತೆಂದರೆ ಸರ್ವಿಸ್ ಸ್ಟೇಷನ್ನುಗಳ ಮುಂದೆ ಸಾಲು ನಿಂತಿರುತ್ತದೆ, ರೇಟೂ ಏರಿರುತ್ತದೆ. ದಸರಾ ರಜೆ ಬೇರೆ, ಮೈದಾನ ಖಾಲಿ. ಹಬ್ಬದ ಹಿಂದಿನ ಎರಡು ದಿನ ಹಿಡಿದೆವು. ಕಾರಿಗೆ 150, ಆಟೋಕ್ಕೆ 100, ಬೈಕಿಗೆ 50. ಚೀಟಿ ಮಾತ್ರ ವಾರ ಮೊದಲೇ ಮಾರಿದ್ದೆವು, ಚೀಟಿ ಮೇಲೆ ಬರಬೇಕಾದ ಹೊತ್ತು ಬರೆದು. ಇದರಿಂದಲೇ ಗದ್ದಲ ಆಗಲಿಲ್ಲ ಅಂತ ನನ್ನ ನಂಬಿಕೆ.

ಬೋರ್ ನೀರು ಗಡಸು. ಬಿಸಿಲಲ್ಲಿ ಒಣಗಿದರೆ ಮೈತುಂಬಾ ಬಿಳಿ ಚುಕ್ಕಿ. ಹಾಗಾಗಿ ಕೆಲಸವೆಲ್ಲ ಬೇವಿನ ಮರದ ನೆರಳಲ್ಲೇ, ಒಂದು ಕಡೆ ತೊಳೆದ ಕೂಡಲೇ ಆ ಕಡೆ ಒರೆಸಿಬಿಡೋದು. ನವಲಗುಂದ ಕಡೆಯಿಂದ ಬಂದ ಗಾಡಿಗಳ ಮಡ್‌ಗಾರ್ಡಿನೊಳಗೆ ಎರಿ ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಕೆರೆಯಬೇಡಿ. ನೀರು ಹೊಡೆದು ಹತ್ತು ನಿಮಿಷ ನೆನೆಯಲು ಬಿಟ್ಟರೆ ಹೆಂಟೆಹೆಂಟೆಯಾಗಿ ಬೀಳುತ್ತದೆ. ಬೈಕಾದರೆ ಸೈಲೆನ್ಸರ್ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಎಂಜಿನ್ ಆರಿದ ಮೇಲೇ ನೀರು. ಕೊನೆಯ ಬಕೆಟ್ಟಿನ ನೀರಿಗೆ ನಾವು ಒಂದು ಸಾಮಾನು ಹಾಕುತ್ತೇವೆ, ಗಾಜು ಮಿಂಚುತ್ತದೆ. ಅದು ಏನು ಅಂತ ಇಲ್ಲಿ ಹೇಳಲ್ಲ, ಹುಡುಗಿಯರಿಗೆ ಮಾತು ಕೊಟ್ಟಿದ್ದೇನೆ.

ನಡುವೆ ಅಂಟವಾಳಕಾಯಿ ಪ್ರಯೋಗವನ್ನೂ ಮಾಡಿದೆವು. ಒಬ್ಬ ಹುಡುಗಿಯ ಅಜ್ಜಿ ರಾತ್ರಿ ನೆನೆಹಾಕಿ ಕಳಿಸಿದ್ದರು. ನೊರೆ ಚೆನ್ನಾಗಿ ಬಂತು, ಬೈಕಿಗೆ ಪರವಾಗಿಲ್ಲ. ಕಾರಿನ ಗಾಜಿಗೆ ಮಾತ್ರ ಪಟ್ಟೆಪಟ್ಟೆ ಉಳಿಯಿತು, ಕಣ್ಣಿಗೆ ಸಿಡಿದರೆ ಉರಿ. ಬಿಟ್ಟೆವು. ಆದರೆ ಸೀಟಿನ ಬಟ್ಟೆಗೆ ಶಾಂಪೂಗಿಂತ ಅದೇ ವಾಸಿ ಅಂತ ನನಗೆ ಅನಿಸಿತು, ಮತ್ತೆ ಮಾಡಿ ನೋಡಬೇಕು.

ಎರಡು ದಿನಕ್ಕೆ 40 ಕಾರು, 90ರ ಸುಮಾರು ಬೈಕು, ಹತ್ತು ಆಟೋ. ಹನ್ನೊಂದೂವರೆ ಸಾವಿರ ಆಯಿತು. ಜನ ಖುಷಿಯಿಂದ ಮೇಲೆ ಕೊಟ್ಟದ್ದು ಎರಡೂವರೆ ಸಾವಿರ. ಒಬ್ಬ ಆಟೋದವರು 100ರ ಬದಲು 500 ಇಟ್ಟು "ನನ್ನ ಮಗಳೂ ಆಡ್ತಾಳ್ರಿ" ಅಂದರು. ಶಾಂಪೂ, ಮೈಕ್ರೋಫೈಬರ್ ಬಟ್ಟೆ, ಮಕ್ಕಳಿಗೆ ಗಿರ್ಮಿಟ್, ಚಹಾ, ಎಲ್ಲ ಸೇರಿ ಖರ್ಚು 2,000. ದೀಪಾವಳಿ ಅಮಾಸಿಗೆ ಇನ್ನೊಂದು ದಿನ ಮಾಡಿದೆವು, ಖರ್ಚು ಕಳೆದು ಮತ್ತೆ ಆರು ಸಾವಿರ.

ಬೂಟು, ಜರ್ಸಿ ತಂದು ಎರಡು ಸಾವಿರದ ಮೇಲೆ ಉಳಿಯಿತು, ಅದು ಬಸ್ ಚಾರ್ಜಿಗೆ. ಬೇಡ ಅಂದಿದ್ದ ಮಾಸ್ತರೊಬ್ಬರು ಮೊನ್ನೆ ಬಂದು ಕೇಳಿದರು, "ಸರ್, ಮುಂದಿನ ಅಮಾಸಿಗೆ ನನ್ನ ಗಾಡಿಗೂ ಒಂದು ಚೀಟಿ ಇಡ್ರಿ." ಬೆಳಿಗ್ಗೆ 8 ಗಂಟೆಯದು ಕೊಟ್ಟಿದ್ದೇನೆ.