ಫ್ಲಶ್ ಟ್ಯಾಂಕಿನ ಸೋರಿಕೆ ನಿಂತದ್ದು ಹೀಗೆ

ಹುಬ್ಬಳ್ಳಿಯ ಎಷ್ಟೋ ಕಡೆ ನಳದ ನೀರು ದಿನಾ ಬರುವುದಿಲ್ಲ. ತುಂಬಿಟ್ಟ ನೀರು ಸೋರಿದರೆ ಮೋಟರಿನ ಕರೆಂಟೂ ದಂಡ. ಮೇಲಿನ ಟಾಕಿ ಬೇಗ ಖಾಲಿಯಾಗುತ್ತಿತ್ತು, ಆದರೆ ಎಲ್ಲೂ ಹಸಿ ಇಲ್ಲ. ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ನೀಲಿ ಶಾಯಿ ಹಾಕಿ ಅರ್ಧ ತಾಸು ಮುಟ್ಟದೆ ಬಿಟ್ಟೆ. ಕಮೋಡಿನ ಒಳಗೋಡೆ ಮೇಲೆ ತೆಳ್ಳಗೆ ನೀಲಿ ಗೆರೆ ಇಳಿದಿತ್ತು.

ನೀರು ಬಂದ್ ಮಾಡಿ, ಟ್ಯಾಂಕ್ ಖಾಲಿ ಮಾಡಿ, ನಡುವಿನ ವಾಲ್ವನ್ನು ಸ್ವಲ್ಪ ತಿರುಗಿಸಿ ಎತ್ತಿದೆ. ತಳದ ರಬ್ಬರ್ ವಾಷರಿಗೆ ಬೋರ್ ನೀರಿನ ಸುಣ್ಣ ಹತ್ತಿ, ಬೆರಳಿಗೆ ಅಕ್ಕಿನುಚ್ಚಿನಂತೆ ತಾಗುತ್ತಿತ್ತು. ಲಿಂಬೆರಸದಲ್ಲಿ ಒಂದು ತಾಸು ನೆನೆಸಿ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿದೆ. ಚಾಕು ಮಾತ್ರ ಬೇಡ, ಗೀರು ಬಿದ್ದರೆ ಮತ್ತೆ ಸೋರುತ್ತದೆ. ವಾಷರ್ ಕೂಡುವ ಜಾಗವನ್ನೂ ಒರೆಸಬೇಕು. ರಬ್ಬರ್ ಗಡುಸಾಗಿದ್ದರೆ ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತರಬೇಕು. ಮತ್ತೆ ಶಾಯಿ ಹಾಕಿದಾಗ ಗೆರೆ ಇಳಿಯಲಿಲ್ಲ.